ಜರ್ಮನಿ: ಅಮಲಿಲ್ಲದ ಬಿಯರ್‌ಗೆ ಒಲಿದ ಬಿಯರ್‌ಪ್ರಿಯರು

ಬಿಯರ್‌ಗೆ ಹೆಸರಾದ ಜರ್ಮನಿಯಲ್ಲಿ ಜನರ ಅಭಿರುಚಿ ಬದಲಾಗುತ್ತಿದೆ. ಅಲ್ಲಿನ ಸರ್ಕಾರಿ ಅಂಕಿಅಂಶಗಳ ಪ್ರಕಾರ, 2023ರಲ್ಲಿ ಆ ದೇಶದ ತಯಾರಕರು ಮಾರಿದ ಬಿಯರ್ ಸುಮಾರು 840 ಕೋಟಿ ಲೀಟರ್. ಇದು ಹಿಂದಿನ ವರ್ಷಕ್ಕಿಂತ ಶೇ. 4.5ರಷ್ಟು ಕಡಿಮೆ. ಈ ಲೆಕ್ಕಕ್ಕೆ ಸೇರದ ಆಲ್ಕೋಹಾಲ್‌ರಹಿತ ಬಿಯರ್‌ನ ಉತ್ಪಾದನೆ ಮಾತ್ರ 2013ರಿಂದ 2023ರ ಅವಧಿಯಲ್ಲಿ ದುಪ್ಪಟ್ಟಾಗಿ, ಸುಮಾರು 55.6 ಕೋಟಿ ಲೀಟರ್ ಮುಟ್ಟಿತು.

ಇದನ್ನು ಸಂಪ್ರದಾಯದ ಸೋಲು ಎನ್ನಲಾಗದು. ಬಾರ್ಲಿ, ಹಾಪ್ಸ್, ನೀರು ಇಷ್ಟನ್ನೇ ಬಳಸಬೇಕೆಂದು 1516ರಲ್ಲಿ ಬವೇರಿಯದ ಅರಸರು ವಿಧಿಸಿದ್ದ ಕಟ್ಟಳೆಯ ಚೌಕಟ್ಟಿನಲ್ಲಿಯೇ ಹೊಸ ಪೇಯವೂ ಸಿದ್ಧವಾಗಬಲ್ಲದು. ಹುದುಗುವಿಕೆಯನ್ನು ಬೇಗನೆ ನಿಲ್ಲಿಸಿ, ಇಲ್ಲವೇ ನಿರ್ವಾತದಲ್ಲಿ ಕಡಿಮೆ ಶಾಖಕ್ಕೆ ಕಾಯಿಸಿ ಮದ್ಯಸಾರವನ್ನು ಶೇ. 0.5ರ ಆಸುಪಾಸಿಗೆ ಇಳಿಸಲಾಗುತ್ತದೆ.

ಸಮಸ್ಯೆ ಇರುವುದು ಖರ್ಚಿನಲ್ಲಿ. ಮದ್ಯಸಾರ ತೆಗೆಯುವ ಯಂತ್ರಗಳು ದುಬಾರಿ. ದೊಡ್ಡ ಕಂಪೆನಿಗಳಿಗೆ ಅದು ಹೂಡಿಕೆ. 2022ರ ಇಂಧನ ಬೆಲೆಯೇರಿಕೆಯಿಂದ ಬಸವಳಿದ ಊರಿನ ಸಣ್ಣ ತಯಾರಕರಿಗೆ ಹೊರೆ. ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸಿಗಳಿಗೆ ನಿಗದಿತ ಮಿತಿಯವರೆಗೆ ತೆರಿಗೆ ವಿನಾಯಿತಿ ಇದೆಯಾದರೂ ಈ ಯಂತ್ರಗಳು ಅವರ ಕೈಗೆಟುಕವು. ಹುದುಗನ್ನು ಬೇಗ ನಿಲ್ಲಿಸುವ ದಾರಿಯೂ ಸುಲಭವಲ್ಲ. ಕೆಡದಂತೆ ಕಾಯುವ ಮದ್ಯಸಾರವೇ ಇಲ್ಲದಾಗ ಬಿಯರ್ ಬೇಗನೆ ಹಾಳಾಗುತ್ತದೆ, ಪಾಶ್ಚೀಕರಣ ಬೇಕಾಗುತ್ತದೆ.

ಕುಡಿಯುವವರ ಆರೋಗ್ಯಕ್ಕೆ ಈ ಬದಲಾವಣೆ ಒಳ್ಳೆಯದೇ. ಆದರೆ ಊರಿಗೊಂದು ರುಚಿ ಎಂಬ ಜರ್ಮನಿಯ ಹೆಗ್ಗಳಿಕೆ ಉಳಿಯಬೇಕಾದರೆ ಸಣ್ಣ ತಯಾರಕರು ಯಂತ್ರಗಳನ್ನು ಹಂಚಿಕೊಂಡು ಬಳಸುವಂಥ ದಾರಿ ಕಂಡುಕೊಳ್ಳಬೇಕು. ಇಲ್ಲವಾದರೆ ಅಮಲಿನೊಂದಿಗೆ ಆ ವೈವಿಧ್ಯವೂ ಇಳಿದುಹೋದೀತು.