ಒಂಬತ್ತು ಗಂಟೆಯ ಮಾಲ್ಗುಡಿ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಲೆಕ್ಕಪತ್ರದ ವಿಭಾಗದಲ್ಲಿ ದುಡಿಯುವವನಿಗೆ ಮನೆಯೆಂಬುದೊಂದು ಉಂಟೆನ್ನುವುದೇ ಮರೆತುಹೋಗುತ್ತದೆ. ರಾಜಾಜಿನಗರದ ಈ ಗೃಹಸ್ಥನ ಅವಸ್ಥೆಯೂ ಅದೇ. ಒಂಬತ್ತು ವರ್ಷದ ಮಗಳ ಕಡೆಯ ಪರೀಕ್ಷೆ ಅಂದು ಮಧ್ಯಾಹ್ನಕ್ಕೆ ಮುಗಿಯುವುದಿತ್ತು. ಸಂಜೆ ಆರು ಗಂಟೆಗೆ ಬಂದು ಮಸಾಲೆದೋಸೆ ತಿನ್ನಲು ಕರೆದೊಯ್ಯುವೆನೆಂದು ಬೆಳಗ್ಗೆ ಚಪ್ಪಲಿ ಮೆಟ್ಟುತ್ತ ಮಾತು ಕೊಟ್ಟಿದ್ದ. ಚಪ್ಪಲಿ ಮೆಟ್ಟುವಾಗ ಕೊಟ್ಟ ಮಾತಿನ ಬೆಲೆಯನ್ನು ಹೆಂಡಂದಿರು ಬಲ್ಲರು, ಮಕ್ಕಳು ಅರಿಯರು.

ಕಂಪ್ಯೂಟರು ಬಂದ ಮೇಲೆ ಕೂಡುವ ತಪ್ಪು ಇಲ್ಲವಾಯಿತು. ತಾಳೆಯಾಗದ ಲೆಕ್ಕ ಮಾತ್ರ ಇಲ್ಲವಾಗಲಿಲ್ಲ. ಐದು ಗಂಟೆಗೆ ಮೇಲಧಿಕಾರಿಗಳು ಬಾಗಿಲಲ್ಲಿ ನಿಂತು, “ಇದೊಂದು ಮುಗಿಸಿಬಿಡಿ” ಎಂದರು. ಆರಕ್ಕೆ ‘ಇನ್ನರ್ಧ ಗಂಟೆ’ ಎಂದು ಮನೆಗೆ ಸಂದೇಶ ಹೋಯಿತು. ಏಳಕ್ಕೂ ಅದೇ ಸಂದೇಶ. ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೆಟ್ರೋ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಇಳಿದು, ಇನ್ನೊಂದನ್ನು ಹತ್ತಿ, ಆತ ಮನೆ ಸೇರಿದಾಗ ಎಂಟೂವರೆ. ಮಗಳು ಹೊಸ ಲಂಗವನ್ನು ಬಿಚ್ಚಿಟ್ಟು, ಮನೆಯಲ್ಲಿ ತೊಡುವ ಫ್ರಾಕಿನಲ್ಲಿ ಕುಳಿತಿದ್ದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಅವಳು ಅಳಲಿಲ್ಲ. “ಕೈಕಾಲು ತೊಳೆದು ಬನ್ನಿ, ಬಡಿಸುತ್ತೇನೆ” ಎಂದಳು ಮನೆಯಾಕೆ. ಮತ್ತೊಂದು ಮಾತಿಲ್ಲ.

ಊಟವಾದ ಮೇಲೆ ಟೆಲಿವಿಷನ್ನಿನಲ್ಲಿ ಹಳೆಯದೊಂದು ಕಂತನ್ನು ನೋಡುವುದು ಆ ಮನೆಯ ತಾತನವರು ಹಾಕಿದ ಪದ್ಧತಿ. ಆ ತಿಂಗಳು ‘ಮಾಲ್ಗುಡಿ ಡೇಸ್’ ನಡೆದಿತ್ತು. ಆರ್. ಕೆ. ನಾರಾಯಣರ ಕಥೆಗಳು, ಅವರ ತಮ್ಮ ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ನರ ರಾಗ, ಶಂಕರ್‌ನಾಗ್ ನಿರ್ದೇಶನ. ಕಲ್ಪನೆಯ ಆ ಊರು ಬಹುಮಟ್ಟಿಗೆ ನಮ್ಮ ಆಗುಂಬೆಯಲ್ಲಿ ಮೈದಾಳಿತು. 1980ರ ದಶಕದ ಉತ್ತರಾರ್ಧದಲ್ಲಿ ದೂರದರ್ಶನ ಅದನ್ನು ತೋರಿಸಿದಾಗ, ಹಿಂದಿಯ ಮಾತು ತಿಳಿಯದ ಮುದುಕಿಯರಿಗೂ ಅಲ್ಲಿನ ಮನೆಯ ಜಗುಲಿ ತಿಳಿಯುತ್ತಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಕದವಿದ್ದ ಮರದ ಪೆಟ್ಟಿಗೆಯೊಳಗೆ ಟೆಲಿವಿಷನ್ನು. ಅದರ ಮುಂದೆ ನೆಲದ ಮೇಲೆ ನೆರೆಮನೆಯ ಮಕ್ಕಳು. ಚಿತ್ರ ನಡುಗಿದರೆ ಒಬ್ಬರು ಮಹಡಿಗೆ ಹೋಗಿ ಆಂಟೆನಾ ತಿರುಗಿಸಬೇಕು, ಕೆಳಗಿನಿಂದ ಇನ್ನೊಬ್ಬರು “ಬಂತು, ಬಂತು, ಹೋಯಿತು” ಎಂದು ಕೂಗಬೇಕು. ಈಗಿನ ಟೆಲಿವಿಷನ್ನಿಗೆ ಆ ಸೇವೆ ಬೇಕಿಲ್ಲ.

ಅಂದಿನ ಸರದಿ ತಿಂಗಳಿಗೆ ನಲವತ್ತೈದು ರೂಪಾಯಿಯ ಗುಮಾಸ್ತನ ಕಥೆ. ವೆಂಕಟರಾಯನ ಪಾತ್ರ ವಿಷ್ಣುವರ್ಧನರದು. ಸಾಹಸಸಿಂಹನೆಂದು ಮೆರೆದ ನಟ ಇಲ್ಲಿ ಫೈಲುಗಳ ನಡುವೆ ಕುಗ್ಗಿ ಕುಳಿತಿದ್ದಾರೆ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದಾನೆ, ಕಚೇರಿ ಬಿಡುತ್ತಿಲ್ಲ. ರೋಸಿಹೋಗಿ ರಾಜೀನಾಮೆ ಬರೆಯುತ್ತಾನೆ. ಅಷ್ಟರಲ್ಲಿ ಐದು ರೂಪಾಯಿಯ ಬಡ್ತಿಯ ಸುದ್ದಿ ಬರುತ್ತದೆ, ಕಾಗದ ಹಿಂದಕ್ಕೆ ಹೋಗುತ್ತದೆ. ಮನೆಗೆ ಬರುವ ವೇಳೆಗೆ ಮಗು, ಸಿಂಗರಿಸಿಕೊಂಡ ಉಡುಪಿನಲ್ಲಿಯೇ ನಿದ್ದೆಹೋಗಿದೆ.

ಗೃಹಸ್ಥನಿಗೆ ತಲೆಯೆತ್ತಿ ನೋಡುವುದು ಕಷ್ಟವಾಯಿತು. ಹಿಂದೆ ಇದೇ ಕಂತನ್ನು ನೋಡಿದಾಗ ಅವನಿಗೆ ಎಂಟು ವರ್ಷ. ಆ ತಂದೆಯ ಮೇಲೆ ಬಂದ ಸಿಟ್ಟು ನೆನಪಿದೆ. ಕಡೆಯ ದೃಶ್ಯದ ಹೊತ್ತಿಗೆ ತನ್ನ ತಂದೆ ತಟ್ಟನೆ ಎದ್ದು, ಆಂಟೆನಾ ನೋಡಿ ಬರುವೆನೆಂದು ಮಹಡಿಗೆ ಹೋದದ್ದೂ ನೆನಪಿದೆ. ಅವರೂ ಗುಮಾಸ್ತರು, ಮಕ್ಕಳು ಮಲಗಿದ ಮೇಲೆಯೇ ಮನೆಗೆ ಬರುತ್ತಿದ್ದವರು.

“ಅಪ್ಪ, ಅಂದು ನೀವು ಇದರ ಕೊನೆಯನ್ನು ನೋಡಲಿಲ್ಲ. ಆಂಟೆನಾ ಸರಿಮಾಡಲು ಹೋಗಿದ್ದಿರಿ.”

ತಾತನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಅಂದು ಚಿತ್ರ ಚೆನ್ನಾಗಿಯೇ ಬರುತ್ತಿತ್ತು ಕಣೋ” ಎಂದರು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಮೂಲೆಯಿಂದ ಮಗಳ ಧ್ವನಿ ಬಂತು: “ಅವರಪ್ಪ ಅವಳನ್ನು ಎಬ್ಬಿಸಬಹುದಾಗಿತ್ತು. ನಾನಂತೂ ಇನ್ನೂ ಮಲಗಿಲ್ಲ.”

ಗೃಹಸ್ಥ ಎದ್ದು ಚಪ್ಪಲಿ ಮೆಟ್ಟಿದ. “ಇಷ್ಟು ಹೊತ್ತಿನಲ್ಲಿ ದೋಸೆ ಎಲ್ಲಿ ಸಿಕ್ಕೀತು?” ಎಂದಳು ಮನೆಯಾಕೆ, ಆದರೂ ಮಗಳಿಗೆ ಹೊಸ ಲಂಗವನ್ನು ತೆಗೆದುಕೊಟ್ಟಳು.

ಅವಳೆಂದಂತೆಯೇ ಆಯಿತು. ಹೋಟೆಲಿನಲ್ಲಿ ದೋಸೆಯ ಕಾವಲಿಯನ್ನು ಆಗಲೇ ತೊಳೆದುಬಿಟ್ಟಿದ್ದರು. ತಂದೆ ಮಗಳಿಬ್ಬರೂ ಬಾದಾಮಿ ಹಾಲು ಕುಡಿದು, ತಾತನಿಗೆಂದು ಒಂದು ಪೊಟ್ಟಣ ಖಾರಾಸೇವೆ ಕಟ್ಟಿಸಿಕೊಂಡರು. ಹಿಂದಿರುಗುವ ದಾರಿಯಲ್ಲಿ ಕಚೇರಿಯಿಂದ ಸಂದೇಶ ಬಂತು: ನಾಳೆ ಎಂಟಕ್ಕೇ ಬರತಕ್ಕದ್ದು. ಮೊಬೈಲು ಮಗಳ ಕೈಯಲ್ಲಿತ್ತು. ಅವಳೇ ಅದನ್ನು ಓದಿ ಹೇಳಿದಳು.