ಕೇರಿಯ ಮನಿಗೂ ಒಂದು ಕಾರ್ಟೂನ್ ಬೇಕು



ಇವತ್ತು ಕಾರ್ಟೂನ್ ಬಗ್ಗೆ ಬರೀತೀನಿ. "ಅಣ್ಣಾ, ಒಳಮೀಸಲಾತಿ, ಸ್ಮಶಾನದ ಜಾಗ, ಹಾಸ್ಟೆಲ್ ಸಮಸ್ಯೆ ಎಲ್ಲಾ ಬಿಟ್ಟು ಕಾರ್ಟೂನಾ?" ಅಂತ ಕೆಲವರು ಕೇಳ್ತೀರಿ. ಕೇಳ್ರಿ, ಆದರೆ ಪೂರ್ತಿ ಓದಿ ಆಮೇಲೆ ಕೇಳ್ರಿ.

ಅಮೆರಿಕದಲ್ಲಿ 'ದಿ ಪ್ರೌಡ್ ಫ್ಯಾಮಿಲಿ' ಅಂತ ಒಂದು ಕಾರ್ಟೂನ್ ಧಾರಾವಾಹಿ ಇದೆ. 2001ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಚಾನೆಲ್‌ನಲ್ಲಿ ಶುರುವಾಗಿ 2005ರ ತನಕ ನಡೀತು. 2022ರಲ್ಲಿ ಹೊಸದಾಗಿ ಮತ್ತೆ ಬಂತು. ಮಾಡಿದವರು ಬ್ರೂಸ್ ಸ್ಮಿತ್ ಅನ್ನೋ ಕಪ್ಪು ಜನಾಂಗದ ಕಲಾವಿದ. ಒಂದು ಕಪ್ಪು ಜನರ ಮನೆ, ಆ ಮನೆಯ ದಿನನಿತ್ಯದ ರಗಳೆ, ಅಷ್ಟೇ ಕಥೆ. ಪೆನ್ನಿ ಅಂತ ಹೈಸ್ಕೂಲ್ ವಯಸ್ಸಿನ ಹುಡುಗಿ. ಅಪ್ಪ ಆಸ್ಕರ್ ತಿಂಡಿ ತಯಾರಿಸಿ ಮಾರೋನು, ಆ ತಿಂಡಿ ಬಾಯಾಗ ಇಡಾಕ ಆಗಂಗಿಲ್ಲ. ಅವ್ವ ಟ್ರೂಡಿ ದನದ ಡಾಕ್ಟರ್ರು, ಮನೆ ನಡೆಯೋದು ಆಕೆಯ ಮಾತಿನ ಮ್ಯಾಲ. ಅಜ್ಜಿಯ ಹೆಸರು ಶುಗಾ ಮಾಮಾ. ಮಗನನ್ನ ಎಲ್ಲರ ಮುಂದ ಆಡಿಕೊಳ್ಳೋದು ಅಂದ್ರ ಆ ಅಜ್ಜಿಗೆ ಹಬ್ಬ. ಮ್ಯಾಲ ಇಬ್ಬರು ಅವಳಿ ಕೂಸುಗಳು. ಜಗಳ ಆಡ್ತಾರೆ, ಸುಳ್ಳು ಹೇಳಿ ಸಿಕ್ಕಿಬೀಳ್ತಾರೆ, ಕೊನೆಗೆ ಒಂದೇ ಮನೆಯಾಗ ಕೂತು ಉಣ್ತಾರೆ.

ಇದರಾಗ ಏನು ವಿಶೇಷ ಅಂತೀರಾ? ಆ ಮನೆಯವರು ಕಪ್ಪು ಜನ ಅನ್ನೋದನ್ನ ಧಾರಾವಾಹಿ ಎಲ್ಲೂ ಮುಚ್ಚಿಡೋದಿಲ್ಲ. ಹಾಗಂತ ಅವರನ್ನ ಪ್ರತಿ ಕಂತಿನಲ್ಲೂ ಅಳಿಸೋದೂ ಇಲ್ಲ. ಒಂದು ಕಂತಿನಲ್ಲಿ ಪೆನ್ನಿಗೆ ತನ್ನ ಜನರ ಚರಿತ್ರೆಯ ಪಾಠ ಅಂದ್ರೆ ಬೇಸರ. ಕನಸಿನಲ್ಲಿ 1950ರ ದಶಕಕ್ಕೆ ಹೋಗಿ ಬೀಳ್ತಾಳೆ. ಕಪ್ಪು ಮಕ್ಕಳಿಗೊಂದು ಶಾಲೆ, ಬಿಳಿ ಮಕ್ಕಳಿಗೊಂದು ಶಾಲೆ ಇದ್ದ ಕಾಲ ಅದು. ನಗ್ತಾ ನೋಡ್ತಿದ್ದ ಮಕ್ಕಳು ಅಲ್ಲಿ ಸುಮ್ಮನಾಗ್ತಾರೆ. 2023ರಲ್ಲಿ ಬಂದ ಇನ್ನೊಂದು ಕಂತಿನಲ್ಲಿ, ತಮ್ಮ ಊರು ಕಟ್ಟಿದ ಹಿರಿಯ ಗುಲಾಮರನ್ನ ಇಟ್ಟುಕೊಂಡಿದ್ದ ಅನ್ನೋದು ಮಕ್ಕಳಿಗೆ ಗೊತ್ತಾಗ್ತದೆ. ಈ ದೇಶ ಕಟ್ಟಿದವರು ಗುಲಾಮರು ಅಂತ ಮಕ್ಕಳೇ ನಿಂತು ಹೇಳ್ತಾರೆ. ಅಲ್ಲಿನ ಬಲಪಂಥೀಯರು ಉರಿದುಬಿದ್ರು. ಒಂದು ಮಕ್ಕಳ ಕಾರ್ಟೂನ್‌ಗೆ ದೊಡ್ಡವರು ಹೆದರಿದ್ರು ಅಂದ್ರೆ ಅದರ ತಾಕತ್ತು ಲೆಕ್ಕ ಹಾಕ್ರಿ.

ನಾನು ಹೇಳಬೇಕಾದ ಮಾತು ಇದೇ. ಮೊದಲು ಆ ಮನೆ ನೋಡೋರಿಗೆ ನಮ್ಮನಿ ಇದ್ದಂಗ ಐತಲ್ಲ ಅನಿಸ್ತದೆ. ಆಮೇಲೆ ಆ ಮನೆಗೆ ಆದ ಅವಮಾನ ನಮಗೇ ಆದಂಗ ಅನಿಸ್ತದೆ. ನಮ್ಮ ಕಡೆ ಬರೀ ಅವಮಾನ ತೋರಸ್ತಾರೆ. ಮನೆ ಮಾತ್ರ ಎಂದೂ ತೋರಸಂಗಿಲ್ಲ.

ನಮ್ಮ ಮಕ್ಕಳು ಏನು ನೋಡ್ತಾವೆ? 2009ರಲ್ಲಿ ಚಿಂಟು ಟಿವಿ ಬಂದಾಗಿನಿಂದ ಡಬ್ ಆದ ಕಾರ್ಟೂನ್‌ಗಳು ಕನ್ನಡ ಮಾತಾಡ್ತಾವೆ, ಒಳ್ಳೇದು. ಹಿಂದಿಯ ಛೋಟಾ ಭೀಮ್ 2008ರಿಂದ ಓಡ್ತಾ ಇದೆ. ಅವನ ಊರು ಢೋಲಕ್‌ಪುರ. ಅಲ್ಲಿ ರಾಜ ಇದ್ದಾನೆ, ರಾಜಕುಮಾರಿ ಇದ್ದಾಳೆ, ಲಾಡು ಮಾರೋ ಅತ್ತೆ ಇದ್ದಾಳೆ. ಕೇರಿ ಎಲ್ಲಿದೆ? ಊರ ಚರಂಡಿ ಯಾರು ತೆಗೀತಾರೆ? ಸತ್ತ ದನ ಯಾರು ಎಳೀತಾರೆ? ಕನ್ನಡದ ದೊಡ್ಡ ಧಾರಾವಾಹಿಗಳಲ್ಲೂ ಮನೆ ಅಂದ್ರೆ ತೊಟ್ಟಿಮನೆ, ಕುಟುಂಬ ಅಂದ್ರೆ ಆಸ್ತಿ ಇದ್ದವರ ಕುಟುಂಬ. ಯಲಬುರ್ಗಾದ ಕಡೆಯಿಂದ ಅವ್ವ ಅಪ್ಪ ದುಡಿಯಾಕ ಬೆಂಗಳೂರು, ಮಂಗಳೂರಿಗೆ ಹೋಗಿರ್ತಾರೆ. ಕೂಸು ಅಜ್ಜಿ ಹತ್ರ ಇರ್ತದೆ. ಆ ಕೂಸು ಸಂಜೆ ಟಿವಿ ಹಚ್ಚಿದ್ರೆ ತನ್ನ ಮನೆಯಂಥ ಮನೆ ಒಂದೂ ಕಾಣಂಗಿಲ್ಲ.

ಹಾಗಾದ್ರೆ ನಮ್ಮ ಮನೆ ಟಿವಿಯಲ್ಲಿ ಯಾವಾಗ ಕಾಣ್ತದೆ? ಸುದ್ದಿಯಲ್ಲಿ ಕಾಣ್ತದೆ.

2021ರ ಸೆಪ್ಟೆಂಬರ್, ಕುಷ್ಟಗಿ ತಾಲೂಕಿನ ಮಿಯಾಪುರ. ಎರಡು ವರ್ಷದ ಕೂಸಿನ ಹುಟ್ಟುಹಬ್ಬ ಅಂತ ಅಪ್ಪ ಗುಡಿ ಮುಂದೆ ಕೈ ಮುಗಿಸಾಕ ಕರ್ಕೊಂಡು ಹೋಗಿದ್ದ. ಮಳೆ ಬಂತು, ಕೂಸು ಓಡಿ ಒಳಗೆ ಹೋತು. ಗುಡಿ ಶುದ್ಧಿಗೆ 25,000 ರೂಪಾಯಿ ಕೊಡ್ರಿ ಅಂತ ಊರ ಹಿರಿಯರು ಕೇಳಿದ್ರು. ಕೇಸಾಯ್ತು, ಬಂಧನ ಆದವು, ದೇಶವೆಲ್ಲ ಸುದ್ದಿ ಆಯ್ತು. ಬೇರೆಯವರ ಮನೆಯ ಕೂಸಿನ ಹುಟ್ಟುಹಬ್ಬ ಅಂದ್ರೆ ಕಾರ್ಟೂನ್‌ನಲ್ಲಿ ಒಂದು ಕಂತು. ಕೇಕ್ ನೆಲಕ್ಕೆ ಬೀಳ್ತದೆ, ಅಪ್ಪ ಬಲೂನು ಊದಿ ಸುಸ್ತಾಗ್ತಾನೆ, ಎಲ್ಲರೂ ನಗ್ತಾರೆ. ನಮ್ಮ ಕೂಸಿನ ಹುಟ್ಟುಹಬ್ಬ ದಂಡದ ರಸೀದಿ ಆಯ್ತು. ಆ ಮನೆಯಲ್ಲಿ ಅವತ್ತು ಏನು ಸಿಹಿ ಮಾಡಿದ್ರು, ಕೂಸಿಗೆ ಯಾವ ಹೊಸ ಅಂಗಿ ತಂದಿದ್ರು ಅಂತ ಯಾವ ಚಾನೆಲ್‌ನವರೂ ಕೇಳಲಿಲ್ಲ.

ಗಂಗಾವತಿ ತಾಲೂಕಿನ ಮರಕುಂಬಿ ನಿಮಗೆ ಗೊತ್ತು. 2014ರ ಆಗಸ್ಟ್ 28. ಕ್ಷೌರದಂಗಡಿ, ಹೋಟೆಲಿನ ಒಳಗೆ ಬಿಡ್ರಿ ಅಂತ ನಮ್ಮವರು ಕೇಳಿದ್ದರ ಸಿಟ್ಟು ಊರಲ್ಲಿ ಮೊದಲೇ ಇತ್ತು. ಕಿಡಿ ಹತ್ತಿದ್ದು ಗಂಗಾವತಿ ಟಾಕೀಸಿನ ಟಿಕೆಟ್ ಜಗಳದಿಂದ. ಸಿನಿಮಾ ನೋಡಿ ಖುಷಿಯಾಗಿ ಬರೋಣ ಅಂತ ಹೋದ ದಿನ ಗುಡಿಸಲು ಸುಟ್ಟವು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ಕ್ಕೆ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಡ್ತು. ಆಮೇಲೆ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನೂ ಆಯ್ತು. ಮರಕುಂಬಿ ಅಂದ್ರೆ ಜಗತ್ತಿಗೆ ಈಗ ಬೆಂಕಿ ಮತ್ತು ತೀರ್ಪು, ಎರಡೇ ನೆನಪು. ಆ ಕೇರಿಯಲ್ಲೂ ಮಾತಿಗೆ ಮಾತು ಕೊಡೋ ಮುದುಕಿಯರು ಇದ್ದಾರೆ, ಸಾಲಿ ತಪ್ಪಿಸೋ ಹುಡುಗರು ಇದ್ದಾರೆ ಅನ್ನೋದು ಯಾರಿಗೂ ಬೇಕಾಗಿಲ್ಲ.

ಈಗ ಮೊದಲ ಆಕ್ಷೇಪಣೆಗೆ ಬರೋಣ. ದೌರ್ಜನ್ಯ ನಡೆಯೋವಾಗ ನಗೋದು ಯಾಕೆ ಅಂತೀರಿ. 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯ್ತಲ್ಲ, ನೆನಪು ಮಾಡ್ಕೊಳ್ರಿ. ಕೇರಿ ಕೇರಿಗೆ ಫ್ಲೆಕ್ಸ್ ಕಟ್ಟಿದ್ವಿ. ಶನಿವಾರ, ಭಾನುವಾರ ಸಂಜೆ ಓಣಿ ಖಾಲಿ. ಧಾರಾವಾಹಿ ನಿಲ್ಲಿಸ್ರಿ ಅಂತ ಚಾನೆಲ್ ಮುಖ್ಯಸ್ಥರಿಗೇ ಬೆದರಿಕೆ ಕರೆ ಬಂದವು. ಆ ಧಾರಾವಾಹಿಯಲ್ಲಿ ಬಾಬಾಸಾಹೇಬರ ಜೊತೆಗೆ ಜನ ಏನು ನೋಡಿದ್ರು ಗೊತ್ತೇನು? ರಾಮಜಿ ಸಕ್ಪಾಲರ ಮನೆ ನೋಡಿದ್ರು. ಅಪ್ಪ ಮಗನಿಗೆ ಓದಿಸೋದು, ತಾಯಿ ಭೀಮಾಬಾಯಿ ಅಕ್ಕರೆ ಮಾಡೋದು, ಅಣ್ಣ ತಮ್ಮಂದಿರ ಜಗಳ. ನಮ್ಮ ಹೆಣ್ಮಕ್ಕಳು ಆ ಮನೆಯನ್ನೇ ಹಚ್ಚಿಕೊಂಡ್ರು. ಆದರೆ ಅದು ಮಹಾನಾಯಕನ ಮನೆ. ಮಹಾನಾಯಕ ಆಗದ ಕೂಸಿಗೂ ಒಂದು ಮನೆ ಬೇಕಲ್ಲ? ಎಸ್ಸೆಸ್ಸೆಲ್ಸಿ ಒಂದು ವಿಷಯದಾಗ ಡುಮ್ಕಿ ಹೊಡೆದ ಹುಡುಗನೂ ನಮ್ಮವನೇ. ನಾವು ಒಂದೋ ಬಲಿಪಶು, ಇಲ್ಲಾಂದ್ರೆ ಯುಗಪುರುಷ ಆಗಬೇಕು. ನಡುವೆ ಸುಮ್ಮನೆ ಮನುಷ್ಯರಾಗಿ ಇರಾಕ ನಮಗ ಪರವಾನಗಿ ಇಲ್ಲ.

ಎರಡನೇ ಆಕ್ಷೇಪಣೆ ಇನ್ನೂ ಗಟ್ಟಿ. ಕಾಮಿಡಿ ಹೆಸರಲ್ಲಿ ಈಗಾಗಲೇ ನಮ್ಮ ಬಣ್ಣ, ನಮ್ಮ ಭಾಷೆ, ನಮ್ಮ ಕೆಲಸ ಎಲ್ಲಾ ಆಡಿಕೊಂಡಿದ್ದಾರೆ. ಇನ್ನೂ ನಗೆಪಾಟಲು ಆಗಬೇಕಾ? ಖರೇ ಐತಿ. ಅದಕ್ಕೇ ಯಾರು ಬರೀತಾರೆ ಅನ್ನೋದು ಮುಖ್ಯ. 'ದಿ ಸಿಂಪ್ಸನ್ಸ್' ಅನ್ನೋ ಹೆಸರಾಂತ ಅಮೆರಿಕನ್ ಕಾರ್ಟೂನ್‌ನಲ್ಲಿ 1990ರಿಂದ ಅಪು ಅಂತ ಒಬ್ಬ ಭಾರತೀಯ ಅಂಗಡಿಯವನಿದ್ದ. ಅವನ ದನಿ ಹ್ಯಾಂಕ್ ಅಜಾರಿಯಾ ಅನ್ನೋ ಬಿಳಿಯ ನಟನದು. ಆ ಉಚ್ಚಾರಣೆ ಹಿಡಿದು ಅಲ್ಲಿನ ಶಾಲೆಗಳಲ್ಲಿ ಭಾರತೀಯ ಮಕ್ಕಳನ್ನ ಅಣಕಿಸ್ತಿದ್ರು. 2017ರಲ್ಲಿ ಹರಿ ಕೊಂಡಬೋಲು ಅನ್ನೋ ಹಾಸ್ಯ ಕಲಾವಿದ ಇದರ ಮೇಲೆ ಸಾಕ್ಷ್ಯಚಿತ್ರ ಮಾಡಿದ. 2020ರಲ್ಲಿ ಆ ನಟ ಇನ್ನು ಅಪುಗೆ ದನಿ ಕೊಡಲ್ಲ ಅಂದ. ಅಪು ಬಗ್ಗೆ ಸಿಟ್ಟು ಮಾಡ್ಕೊಂಡ ನಮ್ಮ ದೇಶದ ಮೇಲ್ಜಾತಿ ಮಂದಿಗೆ, ತಮ್ಮೂರ ಕಾಮಿಡಿಯಲ್ಲಿ ಕಸ ಗುಡಿಸುವವರನ್ನ ಹೆಂಗ ತೋರಸ್ತಾರೆ ಅನ್ನೋದು ಮಾತ್ರ ಕಣ್ಣಿಗೆ ಬೀಳಲ್ಲ, ಅದು ಬೇರೆ ಮಾತು.

ನಮ್ಮವರೇ ಬರೆದ ಮಾತ್ರಕ್ಕೆ ಎಲ್ಲಾ ಸರಿ ಆಗ್ತದೆ ಅಂತಲೂ ಅಲ್ಲ. ಪ್ರೌಡ್ ಫ್ಯಾಮಿಲಿಯಲ್ಲೇ ಗ್ರಾಸ್ ಸಿಸ್ಟರ್ಸ್ ಅಂತ ಮೂರು ಹುಡುಗಿಯರಿದ್ದಾರೆ. ಚರ್ಮಕ್ಕೆ ನೀಲಿ ಬಣ್ಣ, ಕೆಲಸ ಬೇರೆ ಮಕ್ಕಳ ರೊಕ್ಕ ಕಸಿಯೋದು. ನಿಮ್ಮೊಳಗಿನ ಬಡವರನ್ನೇ ಹಿಂಗ ಬರೀತೀರಲ್ಲ ಅಂತ ಕಪ್ಪು ಜನರೇ ಕೇಳಿದ್ರು. ಈ ಪ್ರಶ್ನೆ ನಮಗೂ ಇದೆ. ಕೇರಿಯ ಕಾರ್ಟೂನ್‌ನಲ್ಲಿ ಅಲೆಮಾರಿ ಸಮುದಾಯದ ಮನೆ ಎಲ್ಲಿರ್ತದೆ? ಊರ ಹೊರಗಿನ ಕೇರಿಗೂ ಹೊರಗೇನಾ?

ಅಲೆಮಾರಿ ಅಂದೆ ನೋಡ್ರಿ, ಗೊಂಬೆಗೆ ಜೀವ ಕೊಟ್ಟು ಮಾತಾಡಿಸೋದನ್ನ ನಮಗೆ ಡಿಸ್ನಿ ಕಲಿಸಬೇಕಾಗಿಲ್ಲ. ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ಬಣ್ಣದ ತೊಗಲುಗೊಂಬೆ ಕುಣಿಸಿದವರು ಶಿಳ್ಳೇಕ್ಯಾತರು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಜನ. ಗಂಡ ಕುಣಿಸಿದ್ರೆ ಹೆಂಡತಿ ಹಾಡ್ತಾಳೆ, ಮಕ್ಕಳು ತಾಳ ಹಾಕ್ತಾವೆ. ಆಟವೇ ಒಂದು ಕುಟುಂಬ. ರಾಮಾಯಣ, ಮಹಾಭಾರತದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನೋ ಗಂಡ ಹೆಂಡತಿ ನುಗ್ತಾರೆ. ಕರೀ ಮೈ, ಡೊಳ್ಳು ಹೊಟ್ಟೆ, ಬಾಯಿಗೆ ಲಗಾಮಿಲ್ಲ. ರಾಜರ ಕಥೆಯ ನಡುವೆ ಊರವರನ್ನ ನಗಿಸಿ, ದೊಡ್ಡವರಿಗೂ ಚುಚ್ಚಿ ಹೋಗ್ತಾರೆ. ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ನೇ ವಯಸ್ಸಿನಲ್ಲಿ ಪದ್ಮಶ್ರೀ ಬಂತು. ಎಲ್ಲಾ ನಾಯಕರು ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ್ರು. ಆ ಕಲೆಯನ್ನ ಇವತ್ತಿನ ಕಂಪ್ಯೂಟರಿಗೆ ತರೋ ಕೆಲಸ ನಮ್ಮ ಹುಡುಗರಿಗೆ ಕೊಡ್ರಿ ಅಂತ ಅವರಲ್ಲಿ ಯಾರಾದ್ರೂ ಕೇಳಿದ್ರಾ?

ನನಗೆ ಬೇಕಾದ ಮನೆ ಹೀಗಿರಲಿ. ಅಪ್ಪ ಗಂಗಾವತಿ ರೈಸ್ ಮಿಲ್ಲಿನಲ್ಲಿ ಹಮಾಲಿ, ಜಗತ್ತಿನ ಎಲ್ಲಾ ವಿಷಯ ತನಗೆ ಗೊತ್ತು ಅನ್ನೋನು. ಅವ್ವ ಶಾಲೆಯ ಬಿಸಿಯೂಟದ ಅಡುಗೆಯಾಕಿ, ಲೆಕ್ಕದಲ್ಲಿ ಪಕ್ಕಾ. ಅಜ್ಜಿ ರಿಮೋಟು ಸೆರಗಿನಾಗ ಮುಚ್ಚಿಟ್ಟುಕೊಳ್ಳೋಳು. ಮಗಳು ಹಾಸ್ಟೆಲಿನಿಂದ ಬಂದು ಎಲ್ಲರ ಕನ್ನಡ ತಿದ್ದೋಳು. ಹತ್ತು ಕಂತು ಬರೀ ನಗು ಇರಲಿ. ಜಾತಿ ಪ್ರಮಾಣಪತ್ರಕ್ಕೆ ಅಪ್ಪ ನಾಡಕಚೇರಿಗೆ ಅಲೆಯೋದೇ ಒಂದು ಕಂತು ಆಗ್ತದೆ. ಕಚೇರಿಯಲ್ಲಿ ಗುಮಾಸ್ತನಾಗಿ ಕೂತ ನನ್ನ ಹತ್ರ ಸಾಮಗ್ರಿಗೆ ಬರ ಇಲ್ಲ! ಹನ್ನೊಂದನೇ ಕಂತಿನಲ್ಲಿ ಅವ್ವ ಮಾಡಿದ ಅನ್ನ ಉಣ್ಣಬೇಡ ಅಂತ ಒಬ್ಬ ಹುಡುಗನಿಗೆ ಮನೆಯಲ್ಲಿ ಹೇಳಿ ಕಳಿಸ್ತಾರೆ. ಹತ್ತು ವಾರ ಆಕೆಯ ಜೊತೆ ನಕ್ಕ ಮಕ್ಕಳು, ಯಾವ ಜಾತಿಯ ಮಕ್ಕಳೇ ಇರಲಿ, ಆ ದಿನ ಯಾರ ಕಡೆ ನಿಲ್ತಾವೆ ನೋಡೋಣ.

ರೊಕ್ಕ ಎಲ್ಲಿಂದ ಅಂತೀರಾ? ಆನಿಮೇಷನ್ ಉದ್ಯಮಕ್ಕೆ ಅಂತ ರಾಜ್ಯ ಸರಕಾರ 2012ರಲ್ಲೇ ನೀತಿ ಮಾಡ್ತು, 2024ರಲ್ಲಿ ಹೊಸದು ತಂತು. ಅದರ ಫಲ ಬೆಂಗಳೂರು ದಾಟಿ ನಮ್ಮ ತನಕ ಬರಲಿ. ಎಸ್ಸಿಎಸ್ಪಿ ಟಿಎಸ್ಪಿ ಕಾಯ್ದೆ 2013ರಿಂದ ಇದೆ. 7ಡಿ ತೆಗೀರಿ ಅಂತ ವರ್ಷಗಟ್ಟಲೆ ಕೂಗಿ 2023ರಲ್ಲಿ ತೆಗೆಸಿದ್ವಿ. ಆ ಹಣ ಬೇರೆ ಕಡೆ ಹರಿಯೋದು ಇನ್ನೂ ನಿಂತಿಲ್ಲ. ಅದರಲ್ಲೇ ನಮ್ಮ ಹುಡುಗ ಹುಡುಗಿಯರಿಗೆ ಚಿತ್ರ ಬಿಡಿಸೋದು, ಕಥೆ ಬರೆಯೋದು, ದನಿ ಕೊಡೋದು ಕಲಿಸೋ ಒಂದು ಕೇಂದ್ರ ಕೊಪ್ಪಳದಲ್ಲಿ ಆಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕೈ ಹಚ್ಚಲಿ. ಮೋರನಾಳದ ಕಲಾವಿದರು ಅಲ್ಲಿ ಸಂಬಳದ ಗುರುಗಳಾಗಿ ಕೂಡ್ರಲಿ. ಶಾಲು ಸಾಕು.

ಸರಕಾರ ಮಾಡೋ ತನಕ ನಾವೂ ಸುಮ್ಮನೆ ಕೂಡ್ರೋದು ಬ್ಯಾಡ. ಮುಂದಿನ ಏಪ್ರಿಲ್ 14ಕ್ಕೆ ಡಿಜೆಗೆ ಕೊಡೋ ರೊಕ್ಕದಾಗ ಒಂದು ಪಾಲು ಉಳಿಸ್ರಿ. ಏಳೂ ತಾಲೂಕಿನಲ್ಲಿ ಮೊಬೈಲಿನಾಗ ಚಿತ್ರ ಕುಣಿಸೋ ಹುಡುಗರು ಇದ್ದಾರೆ, ಹುಡುಕ್ರಿ. ಐದು ನಿಮಿಷದ ಒಂದು ಕಂತು ಸಾಕು, ಕೇರಿಯ ಗೋಡೆಗೆ ಬಿಳಿ ಪಂಜೆ ಕಟ್ಟಿ ತೋರಿಸೋಣ. ನಿಮ್ಮ ನಿಮ್ಮ ಮನೆಯ ಅಜ್ಜಿ, ಅವ್ವಂದಿರ ಒಂದೊಂದು ನಗೆ ಪ್ರಸಂಗ ಕೆಳಗೆ ಬರೀರಿ. ಬರೆಯೋ ಹುಡುಗರಿಗೆ ಅವೇ ಬೇಕಾಗ್ತಾವೆ.

ಜೈ ಭೀಮ್.