ಪೆದ್ದ ಪಾದ್ರಿಯೂ ಹಳ್ಳಿಯ ನಗುವೂ

ಹಳ್ಳಿಯವನೆಂದರೆ ಪೆದ್ದ ಎಂಬುದು ಕಾಮಿಡಿಯ ಹಳೆಯ ಸೂತ್ರ. ನಮ್ಮ ಸಿನಿಮಾಗಳಲ್ಲೂ ಎಷ್ಟೋ ಸಲ ಉತ್ತರ ಕರ್ನಾಟಕದ ಮಾತೇ ಜೋಕ್ ಆಗಿಬಿಡುತ್ತದೆ. ಇದನ್ನು ಒಪ್ಪದ ನಾವು, ಪೆದ್ದನ ಪಾತ್ರದಿಂದಲೇ ಹೆಸರಾದ ಐರ್ಲೆಂಡಿನ ಸ್ಟ್ಯಾಂಡಪ್ ಕಲಾವಿದ, ನಟ ಆರ್ಡಲ್ ಒಹ್ಯಾನ್ಲನ್ ಅವರನ್ನು ಮೆಚ್ಚುತ್ತೇವೆ. ಕಾರಣವಿದೆ.

1965ರಲ್ಲಿ ಹುಟ್ಟಿದ ಒಹ್ಯಾನ್ಲನ್, ಉತ್ತರ ಐರ್ಲೆಂಡಿನ ಗಡಿಗೆ ಹತ್ತಿಕೊಂಡ ಮೊನಹನ್ ಕೌಂಟಿಯ ಕ್ಯಾರಿಕ್‌ಮಕ್ರಾಸ್ ಎಂಬ ಸಣ್ಣ ಪಟ್ಟಣದವರು. ತಂದೆ ವೈದ್ಯರು, ರಾಜಕಾರಣಿ, ಆರೋಗ್ಯ ಸಚಿವರೂ ಆಗಿದ್ದವರು. ಮಗ ಡಬ್ಲಿನ್‌ನಲ್ಲಿ ಓದಿದ್ದು ಸಂವಹನ, ಹೆಚ್ಚುಕಡಿಮೆ ನಮ್ಮದೇ ವಿಷಯ. 1988ರಲ್ಲಿ ಬ್ಯಾರಿ ಮರ್ಫಿ, ಕೆವಿನ್ ಗಿಲ್ಡಿಯಾ ಜೊತೆ ಸೇರಿ ಅಲ್ಲಿನ ಇಂಟರ್‌ನ್ಯಾಷನಲ್ ಬಾರ್‌ನಲ್ಲಿ 'ಕಾಮಿಡಿ ಸೆಲ್ಲರ್' ಶುರುಮಾಡಿದರು. ಹೆಸರಿಗೆ ನೆಲಮಾಳಿಗೆ, ನಡೆಯುತ್ತಿದ್ದದ್ದು ಮಹಡಿಯಲ್ಲಿ! ಯಾರೋ ವೇದಿಕೆ ಕೊಡಲಿ ಎಂದು ಕಾಯದೆ ತಾವೇ ಕಟ್ಟಿಕೊಂಡರು ಎಂಬುದು ನಮಗೆ ಮುಖ್ಯ. ಆಮೇಲೆ ಲಂಡನ್. 1994ರಲ್ಲಿ ಹ್ಯಾಕ್ನಿ ಎಂಪೈರ್‌ನ ಹೊಸ ಕಲಾವಿದರ ಸ್ಪರ್ಧೆ ಗೆದ್ದರು.

1995ರಲ್ಲಿ ಚಾನೆಲ್ 4ರಲ್ಲಿ 'ಫಾದರ್ ಟೆಡ್' ಬಂತು. ಒಂದು ದ್ವೀಪಕ್ಕೆ ಎತ್ತಂಗಡಿಯಾದ ಮೂವರು ಪಾದ್ರಿಗಳ ಕಥೆ. ಐರಿಶ್ ಜನರನ್ನು ದಡ್ಡರೆಂದು ಆಡಿಕೊಂಡ ಜೋಕುಗಳು ಬ್ರಿಟನ್ನಿನಲ್ಲಿ ತಲೆಮಾರುಗಳಿಂದ ಇದ್ದವು. ಇಲ್ಲಿ ಚಾನೆಲ್ ಬ್ರಿಟಿಷರದಾದರೂ ಬರೆದವರು, ಮುಖ್ಯ ನಟರು ಐರಿಶರೇ. ಒಹ್ಯಾನ್ಲನ್ ಅವರ ಡೂಗಲ್ ಎಷ್ಟು ಪೆದ್ದನೆಂದರೆ, ಆಟಿಕೆಯ ಹಸು ಚಿಕ್ಕದು, ಹೊಲದಲ್ಲಿರುವುದು ದೂರದ್ದು ಎಂದು ಟೆಡ್ ಬಿಡಿಸಿ ಹೇಳಬೇಕು. ಆದರೆ ಟೆಡ್‌ಗೆ ದುಡ್ಡು, ಹೆಸರಿನ ಆಸೆ. ಬಿಷಪ್‌ಗೆ ಗುಟ್ಟಿನ ಸಂಸಾರ. ಡೂಗಲ್‌ಗೆ ಮುಚ್ಚಿಡುವಂಥದ್ದು ಏನೂ ಇಲ್ಲ. ಅವನ ಮುಗ್ಧ ಪ್ರಶ್ನೆಗಳಿಗೆ ಒಬ್ಬ ಬಿಷಪ್ ದೇವರ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ. ಗಾಲ್ವೆಯ ಬಿಷಪ್ ಏಮನ್ ಕೇಸಿ, ತಮಗೊಬ್ಬ ಮಗನಿದ್ದಾನೆಂಬುದು ಬಯಲಾಗಿ 1992ರಲ್ಲಿ ಕುರ್ಚಿ ಬಿಟ್ಟಿದ್ದ ದೇಶದಲ್ಲಿ ಆ ನಗು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು.

ಟೆಡ್ ಪಾತ್ರಧಾರಿ ಡರ್ಮಟ್ ಮಾರ್ಗನ್, ಕೊನೆಯ ಕಂತಿನ ಚಿತ್ರೀಕರಣ ಮುಗಿದ ಮರುದಿನ, 1998ರ ಫೆಬ್ರುವರಿ 28ರಂದು ತೀರಿಕೊಂಡರು. ಅಲ್ಲಿಗೆ 25 ಕಂತುಗಳ ಆಟ ಮುಗಿಯಿತು.

ಆಮೇಲೂ ಅವರು ಮಾಡಿದ್ದು ಅದೇ ಸಾಧು, ತಬ್ಬಿಬ್ಬು ಮನುಷ್ಯನ ಪಾತ್ರಗಳನ್ನಲ್ಲವೇ ಎಂದು ಕೇಳಬಹುದು. 'ಮೈ ಹೀರೋ'ದ ಸೂಪರ್‌ಹೀರೋ, 2017ರಿಂದ 2020ರವರೆಗೆ 'ಡೆತ್ ಇನ್ ಪ್ಯಾರಡೈಸ್'ನ ಪತ್ತೇದಾರ ಜ್ಯಾಕ್ ಮೂನಿ, ಇಬ್ಬರಲ್ಲೂ ಡೂಗಲ್‌ನ ನೆರಳಿದೆ, ನಿಜ. ಆದರೆ ಅವರ ಕಾದಂಬರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 1998ರ 'ದ ಟಾಕ್ ಆಫ್ ದ ಟೌನ್', 2022ರ 'ಬ್ರೂಹಾಹಾ' ಎರಡರಲ್ಲೂ ಇರುವುದು ಸಣ್ಣ ಊರಿನ ಕತ್ತಲು, ಹಿಂಸೆ. ಟಿವಿಯಲ್ಲಿ ಊರಿನ ಮುಗ್ಧತೆ ತೋರಿಸಿದವರು ಪುಸ್ತಕದಲ್ಲಿ ಊರನ್ನು ಹೊಗಳಿ ಅಟ್ಟಕ್ಕೇರಿಸಲಿಲ್ಲ.

ಹಾಗಾಗಿ ಹಳ್ಳಿಯ ಬಗ್ಗೆ ಜೋಕೇ ಬೇಡ ಎನ್ನುವವರ ಜೊತೆ ನಾವಿಲ್ಲ. ಜೋಕ್ ಬರೆದವರಿಗೆ ಆ ಊರು ಗೊತ್ತೇ? ನಗುವಿಗೆ ಸಿಕ್ಕಿಬೀಳುವವರು ಬಡಪಾಯಿಗಳೋ, ಊರನ್ನು ಆಳುವವರೋ? ನಾವು ಕೇಳುವುದು ಇಷ್ಟೇ. ಬರೀ ಭಾಷೆಯ ಧಾಟಿಗೆ ನಗಿಸುವವರು ಈ ಎರಡರಲ್ಲೂ ಫೇಲು.